ಗುಂಡಿಗೊಂದು ಬೀಗ, ಬೀಗಕ್ಕೊಂದು ಕಾರಣ



ಶಿವಮೊಗ್ಗದ ಗಾಂಧಿ ಬಜಾರಿನ ಆಸುಪಾಸಿನಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ ಎಂದು ಊಹಿಸಿಕೊಳ್ಳಿ. ವೈಶಾಖ ಮಾಸ, ಮದುವೆಗಳ ಕಾಲ. ಹಿಂದಿನ ದಿನ ಭದ್ರಾವತಿಯಲ್ಲಿ ನಡೆದ ಒಂದು ಮದುವೆಯ 900 ಚಿತ್ರಗಳು ಸ್ಟುಡಿಯೋದ ಕಂಪ್ಯೂಟರಿನಲ್ಲಿವೆ. ಮೊಬೈಲಿನಲ್ಲಿ ನೋಡಲು ಚಿಕ್ಕ ಪ್ರತಿಗಳು ಮನೆಯವರಿಗೆ ಇಂದೇ ಬೇಕು. ಒಂದೊಂದೇ ಚಿತ್ರವನ್ನು ತೆರೆದು, ಅಗಲ ತಗ್ಗಿಸಿ, ಮೂಲೆಯಲ್ಲಿ ವಧೂವರರ ಹೆಸರು ಹಾಕಿ ಉಳಿಸಬೇಕು. ಚಿತ್ರಕ್ಕೆ ಒಂದೇ ನಿಮಿಷ ಎಂದು ಹಿಡಿದರೂ 15 ಗಂಟೆಯ ಕೆಲಸ.

ಪುಣ್ಯಕ್ಕೆ, ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಈ ಕೆಲಸಕ್ಕಾಗಿ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಿದ್ದಾನೆ. ಸ್ಕ್ರಿಪ್ಟ್ ಎಂದರೆ ದೊಡ್ಡ ತಂತ್ರಾಂಶಕ್ಕೆ ನಾವು ಬರೆದುಕೊಡುವ ಆದೇಶಗಳ ಸರಣಿ. 'ಈ ಫೋಲ್ಡರಿನ ಪ್ರತಿಯೊಂದು ಚಿತ್ರವನ್ನೂ ತೆರೆ, ಅಗಲವನ್ನು ಇಷ್ಟಕ್ಕೆ ಇಳಿಸು, ಹೆಸರು ಬರೆ, ಉಳಿಸು' ಎಂದು ಒಮ್ಮೆ ಬರೆದಿಟ್ಟರೆ ಮುಂದಿನದನ್ನು ಯಂತ್ರವೇ ಮಾಡುತ್ತದೆ. ಸ್ಕ್ರಿಪ್ಟ್ ನಡೆಸಿದಾಗ ಪರದೆಯ ಮೇಲೆ ಚಿಕ್ಕ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಎಲ್ಲವನ್ನೂ ಆರಿಸಿ 'ನಡೆಸು' ಎಂಬ ಗುಂಡಿ ಒತ್ತಿದರೆ ಆಯಿತು.

ಅಂದು ಕಂಪ್ಯೂಟರಿನ ಮುಂದೆ ಕುಳಿತವಳು ಕೆಲಸಕ್ಕೆ ಸೇರಿ ವಾರವೂ ಆಗದ ಹುಡುಗಿ. ಮೂಲ ಚಿತ್ರಗಳ ಫೋಲ್ಡರನ್ನು ಆರಿಸಿದಳು. ಅಗಲದ ಪೆಟ್ಟಿಗೆಯಲ್ಲಿ 800 ಎಂದು ಬರೆದಳು. ಚಿಕ್ಕ ಪ್ರತಿಗಳು ಯಾವ ಫೋಲ್ಡರಿಗೆ ಹೋಗಬೇಕು ಎಂಬುದನ್ನು ಆರಿಸಲು ಮರೆತಳು. ಗುಂಡಿ ಒತ್ತಿದಳು. ಬೇರೆ ಜಾಗ ಹೇಳದ ಕಾರಣ ಸ್ಕ್ರಿಪ್ಟ್ ಚಿತ್ರಗಳನ್ನು ಇದ್ದಲ್ಲಿಯೇ, ಮೂಲದ ಮೇಲೆಯೇ ಉಳಿಸಿತು. ಹತ್ತು ನಿಮಿಷದಲ್ಲಿ 900 ಚಿತ್ರಗಳೂ ಚಿಕ್ಕವಾದವು.

ನಷ್ಟ ಎಷ್ಟೆಂದು ಲೆಕ್ಕ ಹಾಕೋಣ. ಅಚ್ಚಿನಲ್ಲಿ ಚಿತ್ರ ಸ್ಪಷ್ಟವಾಗಿ ಮೂಡಲು ಅಂಗುಲಕ್ಕೆ ಸುಮಾರು 300 ಬಿಂದುಗಳು ಬೇಕು. 6000 ಬಿಂದು ಅಗಲದ ಮೂಲ ಚಿತ್ರದಿಂದ 20 ಅಂಗುಲ ಅಗಲದ ಆಲ್ಬಂ ಪುಟ ಮಾಡಬಹುದು. 800 ಬಿಂದುಗಳಿಂದ ಮೂರು ಅಂಗುಲವೂ ಆಗುವುದಿಲ್ಲ. ಕಳೆದುಹೋದ ಬಿಂದುಗಳನ್ನು ಯಾವ ತಂತ್ರಾಂಶವೂ ಇದ್ದಂತೆ ಮರಳಿ ತರಲಾರದು. ಬೇರೆಡೆ ಪ್ರತಿ ಇಟ್ಟಿರದಿದ್ದರೆ ಆ ಮದುವೆಯ ಆಲ್ಬಂ ಅಲ್ಲಿಗೆ ಮುಗಿಯಿತು. ಫೋಟೋಕ್ಕಾಗಿ ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿಸಲಾಗುವುದಿಲ್ಲ!

ಬೈಗುಳ ಬೀಳುವುದು ಯಾರಿಗೆ? ಆ ಹುಡುಗಿಗೆ. ಆದರೆ ತಪ್ಪು ನಿಜವಾಗಿ ಯಾರದು? ಸ್ವಲ್ಪ ಯೋಚಿಸಿ. ಎಲ್ಲಿ ಉಳಿಸಬೇಕೆಂದು ಹೇಳುವ ಮೊದಲೇ 'ನಡೆಸು' ಗುಂಡಿ ಒತ್ತಲು ಸಿಕ್ಕಿದ್ದಾದರೂ ಹೇಗೆ? ಆ ಹೊತ್ತಿನಲ್ಲಿ ಅದು ಮುಚ್ಚಿರಬೇಕಾಗಿತ್ತು. ಯಾವ ಗುಂಡಿ ಯಾವಾಗ ಮುಚ್ಚಿರಬೇಕು, ಯಾವಾಗ ತೆರೆಯಬೇಕು, ಅದನ್ನು ಸ್ಕ್ರಿಪ್ಟಿನಲ್ಲಿ ಹೇಗೆ ಬರೆಯಬೇಕು ಎಂಬುದೇ ಈ ಲೇಖನದ ವಿಷಯ.

ರೈಲು ದಾರಿಯ ಪಾಠ

ಇದು ಕಂಪ್ಯೂಟರಿನಿಂದ ಹುಟ್ಟಿದ ವಿಚಾರವಲ್ಲ, ಕಬ್ಬಿಣದ ಕಾಲದ ವಿಚಾರ. ಆದ್ದರಿಂದ ಮೊದಲು ಭದ್ರಾವತಿಯ ಕಡೆಗೆ ಹೋಗೋಣ. ಶಿವಮೊಗ್ಗದಿಂದ ಬೀರೂರಿನತ್ತ ಹೋಗುವ ರೈಲು ಭದ್ರಾವತಿಯನ್ನು ಹಾದೇ ಹೋಗುತ್ತದೆ.

ನಿಲ್ದಾಣದಲ್ಲಿ ಹಳಿಗಳು ಕವಲೊಡೆಯುವುದನ್ನು ನೀವು ನೋಡಿರಬಹುದು. ರೈಲು ಯಾವ ಕವಲಿಗೆ ಹೋಗಬೇಕೆಂದು ನಿರ್ಧರಿಸುವ, ಅತ್ತಿತ್ತ ಸರಿಯುವ ಹಳಿಯ ತುದಿಗೆ ಪಾಯಿಂಟ್ ಎನ್ನುತ್ತಾರೆ. ರೈಲಿಗೆ ಒಳಗೆ ಬರಲು ಅಪ್ಪಣೆ ಕೊಡುವುದು ಕೈಮರ, ಅಂದರೆ ಸಿಗ್ನಲ್. ಹಳೆಯ ನಿಲ್ದಾಣಗಳಲ್ಲಿ ಇವೆರಡನ್ನೂ ಸಾಲಾಗಿ ನಿಲ್ಲಿಸಿದ ಸನ್ನೆಕೋಲುಗಳಿಂದ ಎಳೆಯುತ್ತಿದ್ದರು. ಪಾಯಿಂಟ್ ಸರಿಯಾಗಿ ಕೂಡದೆ ಇರುವಾಗ ಯಾರಾದರೂ ಮರೆತು ಕೈಮರ ಇಳಿಸಿದರೆ ಏನಾದೀತು? ಕೈಮರ ಇಳಿಸಿ, ರೈಲು ಬರುತ್ತಿರುವಾಗ ಪಾಯಿಂಟನ್ನು ಸರಿಸಿದರೆ?

ಇಂಗ್ಲೆಂಡಿನಲ್ಲಿ ಜಾನ್ ಸ್ಯಾಕ್ಸ್‌ಬಿ ಎಂಬಾತ 1856ರಲ್ಲಿ ಇದಕ್ಕೊಂದು ಉಪಾಯ ಕಂಡು ಪೇಟೆಂಟ್ ಪಡೆದ. ಸನ್ನೆಕೋಲುಗಳನ್ನು ಒಂದಕ್ಕೊಂದು ತೊಡಕಿಕೊಳ್ಳುವಂತೆ ಜೋಡಿಸಿದ. ಮುಂದೆ ಇದೇ ದಾರಿಯಲ್ಲಿ ಬಂದ ಸನ್ನೆಕೋಲು ಚೌಕಟ್ಟುಗಳಲ್ಲಿ ಕಚ್ಚುಗಳುಳ್ಳ ಕಬ್ಬಿಣದ ಪಟ್ಟಿಗಳಿರುತ್ತವೆ. ಪಾಯಿಂಟ್ ಸರಿಯಾಗಿ ಕೂಡುವ ತನಕ ಕೈಮರದ ಸನ್ನೆಕೋಲು ಅಲುಗುವುದೇ ಇಲ್ಲ. ಕೈಮರ ಇಳಿಸಿದ ಮೇಲೆ ಪಾಯಿಂಟಿನ ಸನ್ನೆಕೋಲಿಗೆ ಬೀಗ ಬೀಳುತ್ತದೆ. ಇದನ್ನು ಇಂಟರ್‌ಲಾಕಿಂಗ್ ಎನ್ನುತ್ತಾರೆ, ಅಂದರೆ ಒಂದರ ಸ್ಥಿತಿ ಇನ್ನೊಂದಕ್ಕೆ ಬೀಗವಾಗುವುದು. ಇಂದು ನಮ್ಮ ದೇಶದ ಅನೇಕ ನಿಲ್ದಾಣಗಳಲ್ಲಿ ಸನ್ನೆಕೋಲಿನ ಜಾಗಕ್ಕೆ ಎಲೆಕ್ಟ್ರಾನಿಕ್ ಯಂತ್ರಗಳು ಬಂದಿವೆ. ನಿಯಮ ಮಾತ್ರ ಅದೇ.

ಭದ್ರಾವತಿಯ ಹೆಸರು ಹೇಳಿದೊಡನೆ ಕಬ್ಬಿಣದ ಕಾರ್ಖಾನೆ ನೆನಪಾಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಆರಂಭವಾಗಿ, ಸರ್ ಎಂ. ವಿಶ್ವೇಶ್ವರಯ್ಯನವರು ಬೆಳೆಸಿದ ಈ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ಮಲೆನಾಡಿನ ಕಾಡಿನ ಮರದ ಇದ್ದಿಲು. ಕಬ್ಬಿಣ ಕರಗಿಸುವ ಊದುಕುಲುಮೆಯ ವಿಷಯವನ್ನು ನೀವು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಆದರೆ ಅದಿರನ್ನು ಕುಲುಮೆಯೊಳಕ್ಕೆ ಹೇಗೆ ಸುರಿಯುತ್ತಾರೆ ಎಂದು ಕೇಳಿಕೊಂಡಿದ್ದೀರಾ? ಒಳಗೆ ಇಂಗಾಲದ ಮಾನಾಕ್ಸೈಡ್ ತುಂಬಿದ ಅನಿಲವಿರುತ್ತದೆ. ಅದು ವಿಷವೂ ಹೌದು, ಹೊತ್ತಿಕೊಳ್ಳುವಂಥದೂ ಹೌದು. ಬಾಯಿ ತೆರೆದರೆ ಅನಿಲ ಹೊರಕ್ಕೆ ನುಗ್ಗುತ್ತದೆ.

ಇದಕ್ಕಾಗಿ ಊದುಕುಲುಮೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಎರಡು ಗಂಟೆಗಳ ವ್ಯವಸ್ಥೆ. ದೇವಸ್ಥಾನದ ಗಂಟೆಯ ಆಕಾರದ ಎರಡು ಮುಚ್ಚಳಗಳು, ಮೇಲೊಂದು ಚಿಕ್ಕದು, ಕೆಳಗೊಂದು ದೊಡ್ಡದು. ಮೇಲಿನದು ತೆರೆದಾಗ ಅದಿರು ನಡುವಿನ ಜಾಗಕ್ಕೆ ಬೀಳುತ್ತದೆ. ಅದು ಮುಚ್ಚಿದ ಮೇಲೆಯೇ ಕೆಳಗಿನದು ತೆರೆದು ಅದಿರು ಕುಲುಮೆಗೆ ಇಳಿಯುತ್ತದೆ. ಎರಡೂ ಒಂದೇ ಸಲ ಎಂದಿಗೂ ತೆರೆದಿರಕೂಡದು. ಎಷ್ಟೇ ಅವಸರವಿರಲಿ, ಕೆಲಸಗಾರ ಎಷ್ಟೇ ದಣಿದಿರಲಿ, ನಿಯಮ ನಿಯಮವೇ.

ಈ ಎರಡು ಉದಾಹರಣೆಗಳಿಂದ ಕಲಿಯಬೇಕಾದ ಮಾತು ಒಂದಿದೆ. ಸನ್ನೆಕೋಲಿಗೆ ಬೀಗ ಹಾಕಿದವನು ಪಾಯಿಂಟ್ಸ್‌ಮನ್‌ನನ್ನು ದಡ್ಡ ಎಂದು ತಿಳಿದವನಲ್ಲ. ಮನುಷ್ಯನಿಗೆ ಮರೆವು ಸಹಜ ಎಂದು ತಿಳಿದವನು.

ಪರದೆಯ ಮೇಲಿನ ಬೀಗ

ಕಂಪ್ಯೂಟರಿನ ಪರದೆಗೆ ಇದೇ ನೀತಿ ಬಂದದ್ದು ಚಿತ್ರರೂಪದ ಪರದೆಗಳ ಜೊತೆಯಲ್ಲಿ. 1984ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂತೋಷ್ ಕಂಪ್ಯೂಟರಿನಲ್ಲಿ, ಆ ಹೊತ್ತಿಗೆ ಬಳಸಲಾಗದ ಆಜ್ಞೆಗಳ ಹೆಸರು ಮಾಸಿದಂತೆ ಕಾಣುತ್ತಿತ್ತು. ಒತ್ತಿದರೂ ಏನೂ ಆಗುತ್ತಿರಲಿಲ್ಲ. ಏನನ್ನೂ ನಕಲು ಮಾಡಿಕೊಳ್ಳದೆ 'ಅಂಟಿಸು' ಎಂದರೆ ಅಂಟಿಸುವುದೇನನ್ನು? ಆದ್ದರಿಂದ ಆ ಆಜ್ಞೆ ಮಾಸಲು. ನಕಲು ಮಾಡಿಕೊಂಡ ಕ್ಷಣದಲ್ಲಿ ಅದು ಕಪ್ಪಗೆ, ಸ್ಪಷ್ಟವಾಗುತ್ತದೆ. ಇಂದು ನಿಮ್ಮ ಮೊಬೈಲಿನಲ್ಲಿಯೂ ಇದನ್ನು ದಿನವೂ ನೋಡುತ್ತೀರಿ.

ದೊಡ್ಡ ತಂತ್ರಾಂಶಗಳಲ್ಲಿ ಈ ಕೆಲಸವನ್ನು ಅವುಗಳ ತಯಾರಕರು ಮಾಡಿರುತ್ತಾರೆ. ಆದರೆ ನೀವು ಬರೆಯುವ ಸ್ಕ್ರಿಪ್ಟಿನ ಕಿಟಕಿಗೆ ತಯಾರಕರು ನೀವೇ. ಅಲ್ಲಿ ಬೀಗ ಹಾಕುವವರೂ ನೀವೇ ಆಗಬೇಕು.

ಚಿತ್ರಗಳನ್ನು ತಿದ್ದುವ ಫೋಟೋಶಾಪ್ ತಂತ್ರಾಂಶ 1990ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯಬಹುದು. ಆ ಸ್ಕ್ರಿಪ್ಟಿಗೆ ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಸಲಕರಣೆಯ ಹೆಸರು ಸ್ಕ್ರಿಪ್ಟ್‌ಯುಐ. ಕಿಟಕಿಯಲ್ಲಿ ಇಡುವ ಗುಂಡಿ, ಗುರುತು ಹಾಕುವ ಚೌಕ, ಬರೆಯುವ ಪೆಟ್ಟಿಗೆ ಇವೆಲ್ಲಕ್ಕೂ ಒಟ್ಟಾಗಿ ಕಂಟ್ರೋಲ್ ಎಂದು ಹೆಸರು. ಪ್ರತಿಯೊಂದು ಕಂಟ್ರೋಲಿಗೂ 'ಎನೇಬಲ್ಡ್' ಎಂಬ ಒಂದು ಗುಣವಿದೆ. ಅದರ ಬೆಲೆ ಎರಡೇ, 'ಟ್ರೂ' ಅಥವಾ 'ಫಾಲ್ಸ್'. ಟ್ರೂ ಎಂದರೆ ಕಂಟ್ರೋಲ್ ತೆರೆದಿದೆ, ಫಾಲ್ಸ್ ಎಂದರೆ ಮುಚ್ಚಿದೆ. ಹಲವು ಕಂಟ್ರೋಲ್‌ಗಳನ್ನು ಒಂದು ಗುಂಪಿನಲ್ಲಿಟ್ಟು ಗುಂಪನ್ನೇ ಮುಚ್ಚಿದರೆ ಒಳಗಿನವೆಲ್ಲ ಒಟ್ಟಿಗೆ ಮುಚ್ಚುತ್ತವೆ.

ನಮ್ಮ ಸ್ಟುಡಿಯೋದ ಕಿಟಕಿಗೆ ಬರೋಣ. ಅದರಲ್ಲಿ ಆರು ಸಾಮಾನುಗಳಿವೆ: ಮೂಲ ಫೋಲ್ಡರ್ ಆರಿಸುವ ಗುಂಡಿ, ಅಗಲ ಬರೆಯುವ ಪೆಟ್ಟಿಗೆ, ಪ್ರತಿಗಳ ಫೋಲ್ಡರ್ ಆರಿಸುವ ಗುಂಡಿ, 'ಹೆಸರು ಹಾಕು' ಎಂಬ ಗುರುತು ಚೌಕ, ಹೆಸರು ಬರೆಯುವ ಪೆಟ್ಟಿಗೆ, ಕೊನೆಗೆ 'ನಡೆಸು' ಮತ್ತು 'ರದ್ದು' ಎಂಬ ಜೋಡಿ ಗುಂಡಿಗಳು.

ಮೊದಲು ಕಾಗದದ ಮೇಲೆ, ಕನ್ನಡದಲ್ಲಿಯೇ ನಿಯಮ ಬರೆಯಿರಿ. ಇದೇ ಮುಖ್ಯವಾದ ಕೆಲಸ. ಭಾಷೆ ಯಾವುದಾದರೂ ಆಮೇಲಿನದು ಅನುಸರಣೆ ಮಾತ್ರ.

ಒಂದು: 'ಹೆಸರು ಹಾಕು' ಚೌಕದಲ್ಲಿ ಗುರುತು ಇದ್ದರೆ ಮಾತ್ರ ಹೆಸರಿನ ಪೆಟ್ಟಿಗೆ ತೆರೆದಿರಬೇಕು.

ಎರಡು: ಮೂಲ ಫೋಲ್ಡರ್ ಆರಿಸಿರಬೇಕು, ಮತ್ತು ಅಗಲ ಸೊನ್ನೆಗಿಂತ ದೊಡ್ಡ ಸಂಖ್ಯೆಯಾಗಿರಬೇಕು, ಮತ್ತು ಪ್ರತಿಗಳ ಫೋಲ್ಡರ್ ಆರಿಸಿದ್ದು ಅದು ಮೂಲಕ್ಕಿಂತ ಬೇರೆಯಾಗಿರಬೇಕು, ಮತ್ತು ಹೆಸರಿನ ವಿಷಯ ಸರಿಯಿರಬೇಕು. ಇಷ್ಟೂ ಆದರೆ ಮಾತ್ರ 'ನಡೆಸು' ತೆರೆಯಬೇಕು.

'ಹೆಸರಿನ ವಿಷಯ ಸರಿಯಿರಬೇಕು' ಎಂದರೇನು? ಚೌಕದಲ್ಲಿ ಗುರುತು ಇಲ್ಲದಿದ್ದರೆ ಹೆಸರು ಖಾಲಿ ಇದ್ದರೂ ಚಿಂತೆಯಿಲ್ಲ. ಗುರುತು ಇದ್ದರೆ ಹೆಸರು ಬೇಕೇ ಬೇಕು. ಇದನ್ನು 'ಗುರುತು ಇಲ್ಲ ಅಥವಾ ಹೆಸರು ಇದೆ' ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ನಾಲ್ಕು ಸಾಧ್ಯತೆಗಳಲ್ಲಿ ಮೂರು ಸರಿ. ಗುರುತು ಇದ್ದು ಹೆಸರು ಇಲ್ಲದ ಒಂದೇ ಒಂದು ತಪ್ಪು. 'ಮತ್ತು', 'ಅಥವಾ', 'ಇಲ್ಲ' ಎಂಬ ಮೂರು ಮಾತುಗಳನ್ನು ಬೀಜಗಣಿತದ ಹಾಗೆ ನಡೆಸಬಹುದೆಂದು ಜಾರ್ಜ್ ಬೂಲ್ 1854ರ ತನ್ನ ಗ್ರಂಥದಲ್ಲಿ ವಿವರಿಸಿದ. ನಿಮ್ಮ ಪಠ್ಯದ ಬೂಲಿಯನ್ ಬೀಜಗಣಿತ ಇದೇ.

ಈಗ ಎಣಿಸಿ. ಹೌದು ಅಥವಾ ಇಲ್ಲ ಎಂಬ ಉತ್ತರದ ಐದು ಪ್ರಶ್ನೆಗಳಿವೆ: ಮೂಲ ಸರಿಯೇ, ಅಗಲ ಸರಿಯೇ, ಪ್ರತಿಯ ಜಾಗ ಸರಿಯೇ, ಗುರುತು ಇದೆಯೇ, ಹೆಸರು ಇದೆಯೇ. ಎರಡನ್ನು ಐದು ಸಲ ಗುಣಿಸಿದರೆ 32 ಸ್ಥಿತಿಗಳು. ಇವುಗಳಲ್ಲಿ 'ನಡೆಸು' ತೆರೆಯಬೇಕಾದದ್ದು ಮೂರರಲ್ಲಿ ಮಾತ್ರ. ಉಳಿದ 29ರಲ್ಲಿ ಮುಚ್ಚಿರಬೇಕು. ಸ್ಟುಡಿಯೋದ ಹುಡುಗಿ ಆ 29ರಲ್ಲಿ ಒಂದರೊಳಗೆ ಕಾಲಿಟ್ಟಿದ್ದಳು. ಅಲ್ಲಿ ಬೀಗ ಇರಲಿಲ್ಲ.

ಬೀಗ ಹಾಕುವ ಸರಿಯಾದ ಬಗೆ

ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ: ಚೌಕವನ್ನು ಒತ್ತಿದಾಗ ಹೆಸರಿನ ಪೆಟ್ಟಿಗೆಯನ್ನು ತೆರೆ ಎಂದು ಬರೆಯುತ್ತಾರೆ. ಗುರುತು ತೆಗೆದಾಗ ಮುಚ್ಚು ಎಂದು ಬರೆಯುವುದನ್ನು ಮರೆಯುತ್ತಾರೆ. ಒಮ್ಮೆ ತೆರೆದ ಪೆಟ್ಟಿಗೆ ಮತ್ತೆ ಮುಚ್ಚುವುದೇ ಇಲ್ಲ. ಇನ್ನು ಕೆಲವರು ಜಾಣತನ ಮಾಡಿ, 'ತೆರೆದಿದ್ದರೆ ಮುಚ್ಚು, ಮುಚ್ಚಿದ್ದರೆ ತೆರೆ' ಎಂದು ಬರೆಯುತ್ತಾರೆ. ನಿನ್ನೆಯ ಆಯ್ಕೆಗಳನ್ನು ನೆನಪಿಟ್ಟುಕೊಳ್ಳುವ ಸ್ಕ್ರಿಪ್ಟ್ ಆಗಿದ್ದರೆ, ಇಂದು ಕಿಟಕಿ ತೆರೆಯುವಾಗಲೇ ಚೌಕದಲ್ಲಿ ಗುರುತು ಇರುತ್ತದೆ, ಪೆಟ್ಟಿಗೆ ಮುಚ್ಚಿರುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ತಿರುಗುಮುರುಗು. ಗುರುತು ತೆಗೆದರೆ ತೆರೆಯುತ್ತದೆ, ಹಾಕಿದರೆ ಮುಚ್ಚುತ್ತದೆ!

ಸರಿಯಾದ ಬಗೆ ಬೇರೆ. ಕಂಟ್ರೋಲಿನ ಸ್ಥಿತಿಯನ್ನು ತಿರುಗಿಸಬೇಡಿ. ಪ್ರತಿ ಸಲವೂ ಈಗಿನ ನಿಜ ಸ್ಥಿತಿಯಿಂದ ಲೆಕ್ಕ ಹಾಕಿ. ಒಂದೇ ಸಾಲು ಸಾಕು:

ಹೆಸರುಪೆಟ್ಟಿಗೆ.ಎನೇಬಲ್ಡ್ = ಚೌಕ.ವ್ಯಾಲ್ಯೂ

ಓದಲು ಅನುಕೂಲವಾಗಲೆಂದು ಇದನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಕಂಪ್ಯೂಟರಿಗೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಇದರ ಅರ್ಥ: ಚೌಕದಲ್ಲಿ ಗುರುತು ಇದ್ದರೆ ಪೆಟ್ಟಿಗೆ ತೆರೆದಿರಲಿ, ಇಲ್ಲದಿದ್ದರೆ ಮುಚ್ಚಿರಲಿ. ತೆರೆಯುವುದೂ ಮುಚ್ಚುವುದೂ ಒಂದೇ ಸಾಲಿನಲ್ಲಿ ಆಯಿತು. ಮರೆಯಲು ಜಾಗವೇ ಉಳಿಯಲಿಲ್ಲ.

ಇಂಥ ಸಾಲುಗಳನ್ನೆಲ್ಲ ಒಂದೇ ಫಂಕ್ಷನ್ನಿನಲ್ಲಿ ಇಡಿ. ಅದಕ್ಕೆ 'ಪರಿಶೀಲಿಸು' ಎಂದು ಹೆಸರಿಡೋಣ. ಅದು ಎಲ್ಲ ಕಂಟ್ರೋಲ್‌ಗಳನ್ನೂ ಓದುತ್ತದೆ, ನಿಯಮದಂತೆ ಎಲ್ಲವನ್ನೂ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಯಾವ ಕಂಟ್ರೋಲ್ ಬದಲಾದರೂ ಕರೆಯಬೇಕಾದದ್ದು ಇದನ್ನೇ. ಜೊತೆಗೆ ಕಿಟಕಿ ಪರದೆಯ ಮೇಲೆ ಮೂಡುವ ಮೊದಲೂ ಒಮ್ಮೆ ಕರೆಯಬೇಕು. ಇದನ್ನು ಮರೆತರೆ, ಬಳಸುವವರು ಯಾವುದನ್ನಾದರೂ ಮುಟ್ಟುವ ತನಕ 'ನಡೆಸು' ತೆರೆದೇ ಇರುತ್ತದೆ. ನಿಯಮ ಬದಲಾದರೂ ತಿದ್ದಬೇಕಾದ ಜಾಗ ಒಂದೇ.

ಇನ್ನೊಂದು ಸೂಕ್ಷ್ಮವಿದೆ. ಬರೆಯುವ ಪೆಟ್ಟಿಗೆ ಎರಡು ಬಗೆಯಲ್ಲಿ ಸುದ್ದಿ ಕೊಡುತ್ತದೆ. 'ಆನ್‌ಚೇಂಜ್' ಎಂಬುದು ಬರೆದು ಮುಗಿಸಿ ಪೆಟ್ಟಿಗೆ ಬಿಟ್ಟ ಮೇಲೆ. 'ಆನ್‌ಚೇಂಜಿಂಗ್' ಎಂಬುದು ಒಂದೊಂದು ಅಕ್ಷರ ಒತ್ತಿದಾಗಲೂ. ಮೊದಲನೆಯದನ್ನು ಮಾತ್ರ ನಂಬಿದರೆ, ಅಗಲ ಬರೆದವರು 'ನಡೆಸು' ಕಡೆ ನೋಡಿದಾಗ ಅದು ಇನ್ನೂ ಮುಚ್ಚಿಯೇ ಇರುತ್ತದೆ. ಎಲ್ಲವನ್ನೂ ತುಂಬಿದ್ದೇನಲ್ಲ ಎಂದು ಅವರಿಗೆ ಗಲಿಬಿಲಿ. ಇಲ್ಲಿ ಎರಡನೆಯದೇ ಬೇಕು.

ಕನ್ನಡದ ಅಂಕಿ ಬಂದಾಗ

ನಮಗೇ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಅಗಲದ ಪೆಟ್ಟಿಗೆಯಲ್ಲಿ ಒಬ್ಬರು ೮೦೦ ಎಂದು ಕನ್ನಡದ ಅಂಕಿಗಳಲ್ಲಿ ಬರೆದರು ಎನ್ನಿ. ನೋಡುವವರ ಕಣ್ಣಿಗೆ ಸರಿಯಾಗಿಯೇ ಇದೆ. ಆದರೆ ಜಾವಾಸ್ಕ್ರಿಪ್ಟಿನ 'ನಂಬರ್' ಎಂಬ ಫಂಕ್ಷನ್ನಿಗೆ ಇದು ಸಂಖ್ಯೆಯಾಗಿ ಕಾಣುವುದಿಲ್ಲ. 'ಇದು ಸಂಖ್ಯೆಯಲ್ಲ' ಎಂದೇ ಅದು ಉತ್ತರಿಸುತ್ತದೆ. ಆಗ 'ನಡೆಸು' ಮುಚ್ಚಿಯೇ ಇರುತ್ತದೆ, ಏಕೆಂದು ಯಾರಿಗೂ ತಿಳಿಯುವುದಿಲ್ಲ. ಪೈಥಾನ್ ಭಾಷೆಯ 'ಇಂಟ್' ಫಂಕ್ಷನ್ ಮಾತ್ರ ೮೦೦ ಎಂಬುದನ್ನು ಎಂಟುನೂರು ಎಂದೇ ಓದುತ್ತದೆ.

ಪರಿಹಾರ ಕಷ್ಟವೇನಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ೦ ಅಂಕಿಗೆ 3302, ೯ ಅಂಕಿಗೆ 3311 ಎಂಬ ಸ್ಥಾನಗಳಿವೆ. ಆದ್ದರಿಂದ ಕನ್ನಡ ಅಂಕಿಯ ಸ್ಥಾನದಿಂದ 3302 ಕಳೆದರೆ ಅದರ ಬೆಲೆ ಸಿಗುತ್ತದೆ. ಪರಿಶೀಲಿಸುವ ಮೊದಲು ಹೀಗೆ ಬದಲಿಸಿಕೊಂಡರೆ ಕನ್ನಡದ ಅಂಕಿಯೂ ನಡೆಯುತ್ತದೆ. ಹಾಗೆಯೇ, ಖಾಲಿ ಪೆಟ್ಟಿಗೆಯನ್ನು ಅದೇ 'ನಂಬರ್' ಸೊನ್ನೆ ಎಂದು ಓದುತ್ತದೆ. 'ಸಂಖ್ಯೆಯೇ' ಎಂದಷ್ಟೇ ಕೇಳಿದರೆ ಖಾಲಿಯೂ ಪಾಸಾಗಿಬಿಡುತ್ತದೆ! ಸೊನ್ನೆಗಿಂತ ದೊಡ್ಡದಿರಬೇಕು ಎಂಬ ನಿಯಮ ಇದಕ್ಕಾಗಿಯೇ.

ಬೀಗಕ್ಕೆ ಕಾರಣ ಹೇಳಿ

ಕನ್ನಡ ಅಂಕಿಯ ಉದಾಹರಣೆ ಒಂದು ದೊಡ್ಡ ಮಾತನ್ನು ಮುಂದಿಡುತ್ತದೆ. ಮುಚ್ಚಿದ ಗುಂಡಿ ಕಾಪಾಡುತ್ತದೆ, ನಿಜ. ಆದರೆ ಮಾತಾಡುವುದಿಲ್ಲ. ಕಚೇರಿಗೆ ಹೋದಾಗ ಬಾಗಿಲಿಗೆ ಬೀಗ ಕಂಡರೆ ನಮಗೆ ಎಷ್ಟು ಬೇಸರವಾಗುತ್ತದೆ! 'ಊಟದ ವಿರಾಮ, ಎರಡು ಗಂಟೆಗೆ ಬನ್ನಿ' ಎಂಬ ಒಂದು ಚೀಟಿ ಇದ್ದರೆ ಸಮಾಧಾನ. ನಿಮ್ಮ ಕಿಟಕಿಯಲ್ಲಿಯೂ 'ನಡೆಸು' ಗುಂಡಿಯ ಮೇಲೆ ಒಂದು ಸಾಲಿನ ಜಾಗ ಬಿಡಿ. ಗುಂಡಿ ಮುಚ್ಚಿದ್ದಾಗಲೆಲ್ಲ ಕಾರಣ ಅಲ್ಲಿ ಮೂಡಲಿ: 'ಪ್ರತಿಗಳನ್ನು ಇಡುವ ಫೋಲ್ಡರ್ ಆರಿಸಿ', 'ಅಗಲ ಸಂಖ್ಯೆಯಲ್ಲಿರಲಿ', 'ಪ್ರತಿಗಳ ಫೋಲ್ಡರ್ ಮೂಲಕ್ಕಿಂತ ಬೇರೆಯಿರಲಿ'. ಇದನ್ನು ಬರೆಯುವುದೂ 'ಪರಿಶೀಲಿಸು' ಫಂಕ್ಷನ್ನಿನ ಕೆಲಸವೇ. ಬೀಗ ಹಾಕಿದವರಿಗಲ್ಲದೆ ಕಾರಣ ಇನ್ನಾರಿಗೆ ಗೊತ್ತು?

ಮಾಸಲು ಬಣ್ಣವೊಂದನ್ನೇ ನಂಬುವುದು ನ್ಯಾಯವೂ ಅಲ್ಲ. ಕಣ್ಣು ಮಂಜಾದವರಿಗೆ ಮಾಸಲು ಅಕ್ಷರ ಕಾಣದೆ ಹೋಗಬಹುದು. ಕೀಲಿಮಣೆಯಿಂದಲೇ ಕೆಲಸ ಮಾಡುವ ಅಂಧರು ಟ್ಯಾಬ್ ಕೀಲಿ ಒತ್ತುತ್ತ ಹೋದಾಗ ಮುಚ್ಚಿದ ಗುಂಡಿ ಸಾಮಾನ್ಯವಾಗಿ ಅವರಿಗೆ ಸಿಗುವುದೇ ಇಲ್ಲ. ಅಕ್ಷರದಲ್ಲಿ ಬರೆದ ಕಾರಣವನ್ನು ಪರದೆ ಓದುವ ತಂತ್ರಾಂಶ ಅವರಿಗೆ ಓದಿ ಹೇಳಬಲ್ಲದು.

ಮುಚ್ಚುವುದರ ಬದಲು ಕಂಟ್ರೋಲನ್ನೇ ಮರೆಮಾಡಬಾರದೇ ಎಂದು ನೀವು ಕೇಳಬಹುದು. ಈ ಕೆಲಸಕ್ಕೆ ಎಂದಿಗೂ ಸಂಬಂಧವಿಲ್ಲದ್ದನ್ನು ಮರೆಮಾಡಿ. ಈಗ ಬೇಡ, ಆದರೆ ಮುಂದೆ ಬೇಕಾದೀತು ಎನ್ನುವುದನ್ನು ಮುಚ್ಚಿಡಿ. ಮುಚ್ಚಿದ ಪೆಟ್ಟಿಗೆ ಕಣ್ಣಿಗೆ ಬೀಳುತ್ತಿದ್ದರೆ 'ಹೀಗೂ ಒಂದು ಅನುಕೂಲವಿದೆ' ಎಂದು ತಿಳಿಯುತ್ತದೆ. ಮುಚ್ಚುವಾಗ ಒಳಗಿನ ಬರಹವನ್ನು ಅಳಿಸಬೇಡಿ. ಕೈತಪ್ಪಿ ಗುರುತು ತೆಗೆದವರು ಮತ್ತೆ ಗುರುತು ಹಾಕಿದಾಗ, ಕಷ್ಟಪಟ್ಟು ಬರೆದ ಹೆಸರು ಹಾಗೆಯೇ ಇರಲಿ. ಇನ್ನು 'ರದ್ದು' ಗುಂಡಿಗೆ ಬೀಗ ಹಾಕಲೇಬೇಡಿ. ಹೊರಗೆ ಹೋಗುವ ಬಾಗಿಲು ಯಾವಾಗಲೂ ತೆರೆದಿರಬೇಕು.

ಬೀಗವೊಂದೇ ಸಾಲದು

ಕೊನೆಯದಾಗಿ ಒಂದು ಎಚ್ಚರಿಕೆ. ಗುಂಡಿ ತೆರೆದಿತ್ತು ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗಿಯೇ ಇದೆ ಎಂದಲ್ಲ. ಪ್ರತಿಗಳನ್ನು ಪೆನ್ ಡ್ರೈವಿನ ಫೋಲ್ಡರಿಗೆ ಕಳಿಸಲು ಆರಿಸಿದಿರಿ, 'ನಡೆಸು' ತೆರೆಯಿತು. ಅಷ್ಟರಲ್ಲಿ ಪಕ್ಕದವರು ಪೆನ್ ಡ್ರೈವ್ ಕಿತ್ತುಕೊಂಡು ಹೋದರು. ಕಿಟಕಿಗೆ ಇದು ಗೊತ್ತಿಲ್ಲ. ಆದ್ದರಿಂದ ಕೆಲಸ ಶುರುವಾಗುವ ಕ್ಷಣದಲ್ಲಿ ಅದೇ ನಿಯಮಗಳನ್ನು ಇನ್ನೊಮ್ಮೆ ನೋಡಬೇಕು. ಫೋಲ್ಡರ್ ನಿಜವಾಗಿ ಇದೆಯೇ ಎಂದು ಕೇಳಬೇಕು. ಬೀಗ ಬಳಸುವವರ ಕೈಯನ್ನು ಕಾಯುತ್ತದೆ. ಚಿತ್ರಗಳನ್ನು ಕಾಯುವುದು ಈ ಎರಡನೆಯ ಪರಿಶೀಲನೆ.

ಕೆಲಸ ನಡೆಯುತ್ತಿರುವಾಗಲೂ 'ನಡೆಸು' ಮುಚ್ಚಿರಲಿ. ತಾಳ್ಮೆ ಕೆಟ್ಟವರು ಎರಡು ಸಲ ಒತ್ತುವುದು ಸಾಮಾನ್ಯ. ಮುಗಿದ ಮೇಲೆ ಮತ್ತೆ ಪರಿಶೀಲಿಸಿ ತೆರೆಯಿರಿ. ನಡುವೆ ದೋಷ ಬಂದು ಕೆಲಸ ನಿಂತರೂ ಆ ಪರಿಶೀಲನೆ ತಪ್ಪದಂತೆ ಬರೆಯಿರಿ. ಇಲ್ಲವಾದರೆ ಗುಂಡಿ ಮುಚ್ಚಿದ್ದು ಮುಚ್ಚಿದಂತೆಯೇ ಉಳಿದುಬಿಡುತ್ತದೆ.

ಫೋಟೋಶಾಪ್ ಹಣ ಕೊಟ್ಟು ಪಡೆಯುವ ತಂತ್ರಾಂಶ. ನಿಮ್ಮ ಶಾಲೆ, ಕಾಲೇಜಿನಲ್ಲಿ ಅದು ಇಲ್ಲದಿದ್ದರೆ ನಿರಾಶರಾಗಬೇಕಿಲ್ಲ. 1996ರಲ್ಲಿ ಮೊದಲು ಬಿಡುಗಡೆಯಾದ ಗಿಂಪ್ ಉಚಿತವಾಗಿ ಸಿಗುತ್ತದೆ. ಅದಕ್ಕೆ ಪೈಥಾನಿನಲ್ಲಿ ಬರೆಯಬಹುದು. ಅದರ ಕಿಟಕಿಗಳನ್ನು ಕಟ್ಟುವ ಜಿಟಿಕೆ ಸಲಕರಣೆಯಲ್ಲಿ ನಮ್ಮ 'ಎನೇಬಲ್ಡ್' ಗುಣಕ್ಕೆ 'ಸೆನ್ಸಿಟಿವ್' ಎಂದು ಹೆಸರು. ಮೂರು ಆಯಾಮದ ಚಿತ್ರಗಳಿಗಾಗಿ ಇರುವ ಬ್ಲೆಂಡರ್ ಕೂಡ ಉಚಿತ. ಅಲ್ಲಿ ಒಂದು ಕೆಲಸ ಈಗ ಸಾಧ್ಯವೇ ಎಂದು ಹೇಳುವ 'ಪೋಲ್' ಎಂಬ ಫಂಕ್ಷನ್ ಇದೆ. ಅದು ಇಲ್ಲ ಎಂದರೆ ಗುಂಡಿ ತಾನಾಗಿ ಮಾಸುತ್ತದೆ, ಏಕೆ ಇಲ್ಲ ಎಂಬ ಕಾರಣವನ್ನೂ ತೋರಿಸಬಹುದು. ಬ್ಲೆಂಡರಿನಲ್ಲಿ 'ಎನೇಬಲ್ಡ್' ಮತ್ತು 'ಆ್ಯಕ್ಟಿವ್' ಎಂಬ ಎರಡು ಗುಣಗಳಿವೆ. ಮೊದಲನೆಯದನ್ನು ಫಾಲ್ಸ್ ಮಾಡಿದರೆ ಬೀಗ ಬೀಳುತ್ತದೆ. ಎರಡನೆಯದನ್ನು ಫಾಲ್ಸ್ ಮಾಡಿದರೆ ಬಣ್ಣ ಮಾಸುತ್ತದೆ, ಬೀಗ ಬೀಳುವುದಿಲ್ಲ. ಹೆಸರು ಯಾವುದಾದರೂ ಇರಲಿ, ಮಾಸಿದ್ದೆಲ್ಲ ಮುಚ್ಚಿದೆ ಎಂದು ತಿಳಿಯದೆ ಒಮ್ಮೆ ಒತ್ತಿ ನೋಡಿ.

ನೀವೇ ಮಾಡಿ ನೋಡಿ

ಕಂಪ್ಯೂಟರ್ ಇಲ್ಲದೆಯೂ ಇದನ್ನು ಕಲಿಯಬಹುದು. ಒಂದು ಹಾಳೆಯ ಮೇಲೆ ಐದು ಮನೆಗಳನ್ನು ಬರೆದು, ಮೇಲೆ ಹೇಳಿದ ಐದು ಪ್ರಶ್ನೆಗಳ ಹೆಸರಿಡಿ. ಉತ್ತರ 'ಹೌದು' ಆದ ಮನೆಯಲ್ಲಿ ಒಂದು ಹುಣಸೆ ಬೀಜ ಇಡಿ, 'ಇಲ್ಲ' ಆದರೆ ಖಾಲಿ ಬಿಡಿ. ಗೆಳೆಯನೊಬ್ಬ ಬೀಜಗಳನ್ನು ಬದಲಿಸುತ್ತ ಹೋಗಲಿ. ಪ್ರತಿ ಸಲವೂ 'ನಡೆಸು' ತೆರೆದಿರಬೇಕೋ ಮುಚ್ಚಿರಬೇಕೋ ನೀವು ಹೇಳಿ. ಮುಚ್ಚಿರಬೇಕು ಎಂದಾಗಲೆಲ್ಲ ಕಾರಣವನ್ನೂ ಒಂದು ವಾಕ್ಯದಲ್ಲಿ ಹೇಳಿ. 32 ಸ್ಥಿತಿಗಳೂ ಮುಗಿದಾಗ ಸ್ಕ್ರಿಪ್ಟಿನ ಕಷ್ಟದ ಭಾಗ ಮುಗಿದಂತೆಯೇ.

ಮುಂದೆ ನೀವು ಬರೆಯುವ ಸ್ಕ್ರಿಪ್ಟನ್ನು ನೀವೊಬ್ಬರೇ ಬಳಸುವುದಿಲ್ಲ. ವಾರವಷ್ಟೇ ಹಿಂದೆ ಕೆಲಸಕ್ಕೆ ಸೇರಿದವರು ಬಳಸುತ್ತಾರೆ. ರಾತ್ರಿಯಿಡೀ ದುಡಿದು ನಿದ್ದೆಗಣ್ಣಿನಲ್ಲಿರುವವರು ಬಳಸುತ್ತಾರೆ. ಅವರು ಮರೆಯುವುದನ್ನು ನೀವು ತಡೆಯಲಾರಿರಿ. ಮರೆತಾಗ ಒತ್ತಲು ಸಿಗದ ಗುಂಡಿಯನ್ನೂ, ಏನು ಮರೆತಿರಿ ಎಂದು ಮೆತ್ತಗೆ ಹೇಳುವ ಒಂದು ಸಾಲನ್ನೂ ಅವರಿಗೆ ಕೊಡಬಲ್ಲಿರಿ. ಅಷ್ಟು ಮಾಡಿದ್ದರೆ ಆ ಹುಡುಗಿ ಅಂದು ಬೈಸಿಕೊಳ್ಳುತ್ತಿರಲಿಲ್ಲ, ಭದ್ರಾವತಿಯ ಆ ಮನೆಯವರ ಕೈಯಲ್ಲಿ ಮದುವೆಯ ಆಲ್ಬಂ ಇರುತ್ತಿತ್ತು.